ನಾನೇನೂ ಸೇರಿಸಿಲ್ಲ

ಮರ್ಫಿ ಟೌನಿನ ನಮ್ಮ ಮನೆ ರೈಲಿನ ಹಾಗಿತ್ತು, ಒಂದರ ಹಿಂದೆ ಒಂದು ಮೂರು ಬೋಗಿ. ಮುಂದಿನದರಲ್ಲಿ ಟೀವಿ, ದಿವಾನ, ಅಪ್ಪನ ಸೈಕಲ್ಲು. ನಡುವಿನದರಲ್ಲಿ ಚಿಕ್ಕಪ್ಪನ ಮಂಚ, ಅದರ ಪಕ್ಕ ನೆಲದ ಮೇಲೆ ನನ್ನ ಚಾಪೆ. ಕೊನೆಯದು ಅಮ್ಮನ ಅಡುಗೆಮನೆ. ಬಚ್ಚಲು ಅದಕ್ಕೂ ಹಿಂದೆ. ಬಂದ ನೆಂಟರು ಅಲ್ಲಿಗೆ ಹೋಗಬೇಕೆಂದರೆ ಮೂರೂ ಬೋಗಿ ದಾಟಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಮುಗುಳ್ನಗೆ ಹಂಚಿಕೊಂಡು ಹೋಗಬೇಕಾಗಿತ್ತು. ಗೋಡೆಗಳು ಎಷ್ಟು ತೆಳ್ಳಗಿದ್ದವೆಂದರೆ ಪಕ್ಕದ ಮನೆಯ ಶಮೀಮ್ ಆಂಟಿ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದರೆ ನಮ್ಮ ಮನೆಯಲ್ಲಿ ಅಪ್ಪ ಸೀನುತ್ತಿದ್ದ. ಇಂಥ ಮನೆಯಲ್ಲಿ ಬೆಳೆದವನಿಗೆ ಕಿವಿಯೊಂದು ಬೇಗ ಬಲಿಯುತ್ತದೆ, ಉಳಿದದ್ದು ಎಳಸಾಗಿಯೇ ಉಳಿಯುತ್ತದೆ. ಯಾರು ಹೇಗೆ ಕೆಮ್ಮುತ್ತಾರೆ, ಯಾರು ಸುಳ್ಳು ಹೇಳುವ ಮುಂಚೆ ಮೂಗು ಎಳೆಯುತ್ತಾರೆ ಎಂಬುದೆಲ್ಲ ನನಗೆ ಎಂಟನೇ ವಯಸ್ಸಿಗೇ ಬಾಯಿಪಾಠವಾಗಿತ್ತು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಿದ್ದೆನಾದ್ದರಿಂದ ಬೀದಿಯವರು ನನಗೆ ಟೇಪು ಎಂದು ಹೆಸರಿಟ್ಟಿದ್ದರು. ಈಗಲೂ ಹೊಟ್ಟೆಪಾಡು ಅದೇ. ಮಾರತ್ತಹಳ್ಳಿಯ ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ ಅವರವರ ಮ್ಯಾನೇಜರುಗಳನ್ನು ಅವರವರ ಎದುರೇ ಆಡಿಕೊಂಡು ಊಟ ಮಾಡಿ ಬರುತ್ತೇನೆ. ರೇಡಿಯೊದಲ್ಲಿ ಕುಕ್ಕರಿಗಾಗಿ ಜಗಳವಾಡುವ ಅತ್ತೆಯೂ ನಾನೇ, ಸೊಸೆಯೂ ನಾನೇ. ಇಪ್ಪತ್ತೊಂಬತ್ತಕ್ಕೇ ಆತ್ಮಕಥೆಗೆ ಕೈ ಹಾಕುವುದು ಕೆಲಸಕ್ಕೆ ಸೇರಿದ ತಿಂಗಳಲ್ಲೇ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಂತೆ ಎಂದು ನನಗೂ ಗೊತ್ತು. ಆದರೆ ಇಷ್ಟು ಜನರನ್ನು ನಗಿಸಿದ ವಿದ್ಯೆ ನಮ್ಮ ಮನೆಯಲ್ಲಿ ಒಬ್ಬನಿಗೆ ಏನು ಮಾಡಿತು ಎಂಬುದನ್ನು ಯಾವ ವೇದಿಕೆಯಲ್ಲೂ ಹೇಳಿಲ್ಲ. ಅದು ನಗು ತರಿಸುವ ಐಟಂ ಅಲ್ಲ.

ನನಗೆ ಹನ್ನೊಂದಾಗಿದ್ದಾಗ ಅಪ್ಪ ಶಿವಾಜಿನಗರದ ಹಳೇ ಸಾಮಾನಿನ ಸಂತೆಯಿಂದ ಒಂದು ಡಬ್ಬ ತುಂಬ ಡಿಸ್ಕು ತಂದ. ಯಾವುದೋ ಪರದೇಶದ ಹಳೇ ಟೀವಿ ಧಾರಾವಾಹಿ, ಕಪ್ಪು ಬಿಳುಪು. ಎರಡನೇ ಮಹಾಯುದ್ಧದ್ದು. ಹತ್ತು ಹನ್ನೆರಡು ಸೈನಿಕರ ಒಂದು ತುಕಡಿ, ಅದಕ್ಕೊಬ್ಬ ಗಡ್ಡ ಬಿಟ್ಟ ಸಾರ್ಜೆಂಟು, ಪ್ರತಿ ಕಂತಿನಲ್ಲಿ ಒಂದು ಪಾಳುಬಿದ್ದ ಹಳ್ಳಿ. ಅಪ್ಪ ಚಿಕ್ಕಂದಿನಲ್ಲಿ ಯಾರದೋ ಕಿಟಕಿಯಾಚೆ ನಿಂತು ಅದನ್ನು ನೋಡಿದ್ದನಂತೆ. ಮನೆಗೆ ತಂದು ಹಾಕಿದರೆ ಸೈನಿಕರು ಇಂಗ್ಲಿಷ್ ಬಿಟ್ಟು ಬೇರೇನೋ ಮಾತಾಡುತ್ತಿದ್ದರು. ಯಾವ ದೇಶದವರೋ ತಮ್ಮ ಭಾಷೆಯನ್ನು ಮೇಲೆ ಅಂಟಿಸಿ ಮಾರಿದ ಕಳ್ಳ ಪ್ರತಿ. ಅಪ್ಪ ರಷ್ಯನ್ ಎಂದ. ಎದುರು ಮನೆಯ ಟೈಲರ್ ಆರುಮುಗಂ ಚೀನೀ ಭಾಷೆ ಎಂದರು. ಶಮೀಮ್ ಆಂಟಿ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, ಯಾವುದೇ ಆಗಲಿ, ಇವರೆಲ್ಲ ಒಂದೇ ಮನುಷ್ಯನ ಗಂಟಲಲ್ಲಿ ಮಾತಾಡುತ್ತಿದ್ದಾರೆ, ಕೇಳಲಾಗದು, ಬಂದ್ ಮಾಡಿ ಎಂದರು. ಅಪ್ಪ ಸದ್ದು ತೆಗೆದ. ತಂದವನ ಮುಖ ಸಪ್ಪಗಾಗಿದ್ದು ನೋಡಲಾರದೆ ನಾನು ಗಡ್ಡದ ಸಾರ್ಜೆಂಟು ಬಾಯಿ ತೆರೆದಾಗ ನಮ್ಮ ರೇಷನ್ ಅಂಗಡಿಯವನ ಧ್ವನಿಯಲ್ಲಿ, ಸೀಮೆಎಣ್ಣೆ ಮುಗಿದಿದೆ, ನಾಳೆ ಬಾ ಎಂದೆ. ಮನೆ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಅದೇ ಪದ್ಧತಿಯಾಯಿತು. ಭಾನುವಾರ ಎಣ್ಣೆಸ್ನಾನ, ಮುದ್ದೆ, ಕೋಳಿಸಾರು, ಆಮೇಲೆ ಒಂದು ಕಂತು "ಯುದ್ಧದ್ದು". ಧಾರಾವಾಹಿಗೆ ನಮ್ಮ ಮನೆಯಲ್ಲಿ ಅಷ್ಟೇ ಹೆಸರು. ಟೀವಿ ಮೂಕ, ನಾನು ಅದರ ಪಕ್ಕ ಸ್ಟೂಲಿನ ಮೇಲೆ, ಎಲ್ಲರ ಮಾತೂ ನನ್ನದೇ.

ಬೀದಿಯವರೆಲ್ಲ ಒಬ್ಬೊಬ್ಬರಾಗಿ ಆ ತುಕಡಿಗೆ ಭರ್ತಿಯಾದರು. ಕ್ಯಾಪ್ಟನ್ ನಮ್ಮ ಸ್ಕೂಲಿನ ಹೆಡ್ಮಾಸ್ಟರು. ಗಾಯಾಳುಗಳಿಗೆ ಪಟ್ಟಿ ಕಟ್ಟುವವನು ಅಮ್ಮನ ಹಾಗೆ ಗೊಣಗುತ್ತಿದ್ದ, ನೆಲ ಒರೆಸಿದ ಮೇಲೇ ಎಲ್ಲರಿಗೂ ಗುಂಡು ತಗಲುತ್ತದೆ ಎಂದು. ಶಮೀಮ್ ಆಂಟಿ ಸೇಮಿಗೆ ಪಾಯಸದ ಡಬ್ಬಿ ಹಿಡಿದು ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದರು. ಅವರ ಧ್ವನಿಯನ್ನು ಶತ್ರುಗಳ ಕಮಾಂಡರನಿಗೆ ಕೊಟ್ಟಾಗ ಅದಕ್ಕಿಂತ ದೊಡ್ಡ ಹುದ್ದೆ ಇಲ್ಲವಾ ಎಂದು ಕೇಳಿದ್ದರು. ಆರುಮುಗಂಗೆ ಸಾಯುವುದೆಂದರೆ ಬಹಳ ಇಷ್ಟ. ಬಂದು ಕೂತ ತಕ್ಷಣ ಅರ್ಜಿ ಹಾಕುತ್ತಿದ್ದರು.

"ಇವತ್ತು ನನ್ನ ಸ್ವಲ್ಪ ನಿಧಾನವಾಗಿ ಸಾಯ್ಸು ಪಾ. ಹೋದ ವಾರ ಬೇಗ ಮುಗ್ಸ್‌ಬಿಟ್ಟೆ."

ಹೀಗೆ ಎಲ್ಲರ ಸರದಿಯೂ ಬಂತು, ಒಬ್ಬನದು ಬಿಟ್ಟು. ಅವನು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ. ತಮಾಷೆಯೆಂದರೆ ಆ ಕೋಣೆಯಲ್ಲಿ ನಿಜವಾದ ಯುದ್ಧ ನೋಡಿದವನು ಅವನೊಬ್ಬನೇ.

ಚಿಕ್ಕಪ್ಪ ಸೇನೆಯಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದ. ಗಡಿಯ ಬೆಟ್ಟದ ಮೇಲೆ, ಒಂದು ಠಾಣೆಯಿಂದ ಇನ್ನೊಂದಕ್ಕೆ. ಅವಧಿ ಮುಗಿಯುವ ಮುಂಚೆಯೇ ಮನೆಗೆ ಬಂದಿದ್ದ. ಯಾಕೆ ಬಂದ ಎಂಬುದಕ್ಕೆ ಅಪ್ಪನ ಬಳಿ ಒಂದು ಕತೆಯಿತ್ತು. ಶೆಲ್ಲು ಬೀಳುತ್ತಿರುವಾಗ ತುಂಡಾದ ತಂತಿ ಜೋಡಿಸಲು ಚಿಕ್ಕಪ್ಪನ ಸ್ನೇಹಿತ ನಂಜುಂಡ ಹೋದನಂತೆ, ಪಾದ ಕಳೆದುಕೊಂಡು ಬಿದ್ದನಂತೆ, ಚಿಕ್ಕಪ್ಪ ಓಡಿಹೋಗಿ ಅವನನ್ನು ಹೆಗಲ ಮೇಲೆ ಹೊತ್ತು ತಂದನಂತೆ, ಹಾಗೆ ತರುವಾಗ ಮಂಡಿ ಹೋಯಿತಂತೆ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಎಲ್ಲವನ್ನೂ ಅಳತೆಗೆ ಸರಿಯಾಗಿ ಕೂರಿಸುವ ಅಭ್ಯಾಸ. ಪ್ರತಿ ಸಲ ಹೇಳುವಾಗಲೂ ಕತೆಗೆ ಒಂದೊಂದು ನಟ್ಟು ಬಿಗಿಯಾಗುತ್ತಿತ್ತು. ಚಿಕ್ಕಪ್ಪ ಆ ಕತೆಯನ್ನು ತಾನಾಗಿ ಒಮ್ಮೆಯೂ ಹೇಳಿದವನಲ್ಲ, ಅಲ್ಲಗಳೆದವನೂ ಅಲ್ಲ. ಅಣ್ಣ ಹೇಳಲು ಶುರುಮಾಡಿದ ಕೂಡಲೇ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಿದ್ದ. ಅದನ್ನು ಎಲ್ಲರೂ ವಿನಯ ಎಂದುಕೊಂಡಿದ್ದರು. ಆಗಸ್ಟ್ ಹದಿನೈದಕ್ಕೆ ಬೀದಿಯ ತುದಿಯಲ್ಲಿ ಬಾವುಟ ಹಾರಿಸುತ್ತಿದ್ದವನು ಅವನೇ. ಹಿಂದಿನ ದಿನ ಆರುಮುಗಂ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದಯವಿಟ್ಟು ಬರಬೇಕು ಎಂದು ಕರೆಯುತ್ತಿದ್ದರು. ಎದುರು ಮನೆಯವರಿಂದಲೇ ಹಾಗೆ ಕರೆಸಿಕೊಳ್ಳುವ ಗೌರವ ಆ ಬೀದಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಆ ಒಂದು ಬೆಳಿಗ್ಗೆ ಚಿಕ್ಕಪ್ಪ ನೆಟ್ಟಗೆ ನಿಲ್ಲುತ್ತಿದ್ದ. ಉಳಿದ ದಿನ ಮನೆಯಲ್ಲಿ ಬಾಡಿಗೆಗೆ ಇರುವವನ ಹಾಗೆ ಗೋಡೆ ಸವರಿಕೊಂಡೇ ಓಡಾಡುತ್ತಿದ್ದ. ಕೆಲಸ ಮಾತ್ರ ಹುಡುಕಿಕೊಂಡು ಮಾಡುತ್ತಿದ್ದ. ಹಾಸಿಗೆಯನ್ನು ಇಟ್ಟಿಗೆಯಷ್ಟು ಚೌಕವಾಗಿ ಮಡಿಸುತ್ತಿದ್ದ. ಒಮ್ಮೆ ಅಮ್ಮನ ಸೀರೆಗಳನ್ನೂ ಹಾಗೇ ಮಡಿಸಿಟ್ಟಾಗ, ಜರಿಯೆಲ್ಲ ಮುರಿದುಹೋಯಿತೆಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಅವನ ಧ್ವನಿ ನನಗೆ ಸಿಕ್ಕಿರಲಿಲ್ಲ. ಅಷ್ಟು ಕಡಿಮೆ ಮಾತಾಡುವವನನ್ನು ಹಿಡಿಯುವುದು ಹೇಗೆ. "ಯುದ್ಧದ್ದು" ನಡೆಯುವಾಗ ನಡುಬಾಗಿಲಿಗೆ ಒರಗಿ ಕೂತು, ಬಂದೂಕು ಹಾಗೆ ಹಿಡಿಯುವುದಿಲ್ಲ ಎಂದೋ, ಅಲ್ಲಿ ಯಾರೂ ಅಷ್ಟು ಕೂಗುವುದಿಲ್ಲ ಎಂದೋ ಹೇಳಿ ಸುಮ್ಮನಾಗುತ್ತಿದ್ದ. ನನ್ನ ಈ ಸೋಲನ್ನು ಶಮೀಮ್ ಆಂಟಿ ಗಮನಿಸಿಬಿಟ್ಟರು.

"ಕ್ಯಾ ರೇ ಟೇಪು, ಸಬ್ ಕಾ ಆವಾಜ್ ನಿಕಾಲ್ತಾ. ನಿನ್ನ ಚಿಕ್ಕಪ್ಪಂದು ಮಾತ್ರ ಬರಲ್ವಾ ನಿಂಗೆ?"

ಆ ಮಾತು ನನಗೆ ಚುಚ್ಚಿತು. ಹನ್ನೊಂದು ವರ್ಷದ ಕಲಾವಿದನ ಅಹಂಕಾರವನ್ನು ಹಗುರವಾಗಿ ನೋಡಬೇಡಿ. ಈಗಿನದಕ್ಕಿಂತ ದೊಡ್ಡದಿತ್ತು.

ಭಾನುವಾರ ಸಂಜೆ ಮನೆಯವರೆಲ್ಲರ ಬೂಟು, ಚಪ್ಪಲಿ ಪಾಲಿಶ್ ಮಾಡುವುದು ಚಿಕ್ಕಪ್ಪನ ಕೆಲಸ. ಹಿತ್ತಲ ಕಲ್ಲಿನ ಮೇಲೆ ಪೇಪರ್ ಹಾಸಿ ಕೂರುತ್ತಿದ್ದ. ಅವತ್ತು ನನ್ನ ಸ್ಕೂಲ್ ಬೂಟಿನೊಳಗೆ ಎಡಗೈ ತೂರಿಸಿ ಬ್ರಶ್ ಆಡಿಸುತ್ತ, ನನ್ನ ಕಡೆ ನೋಡದೆ ಮಾತಿಗೆ ಶುರುಮಾಡಿದ. "ಯುದ್ಧದ್ದು" ಚೆನ್ನಾಗಿದೆ, ಆದರೆ ಅದರಲ್ಲಿ ಎಲ್ಲರೂ ಕೂಗಿದ ತಕ್ಷಣ ಎದ್ದು ಓಡುತ್ತಾರೆ, ಏಳದೇ ಇರುವವನನ್ನು ಇನ್ನೂ ತೋರಿಸೇ ಇಲ್ಲ ಎಂದ. ಅಂಥವರೂ ಇರ್ತಾರಾ ಎಂದು ನಾನು ಕೇಳಿದೆ. ಅವನು ಒಮ್ಮೆ ಉಗುಳು ನುಂಗಿದ.

"ಅದು ಹೆಂಗಂದ್ರೆ... ತಂತಿ ಕಟ್ ಆಗಿತ್ತು. ಸರದಿ ನಂದು. ಏಳು ಅಂದ್ರು. ತಲೆ ಏಳು ಅಂತಿದೆ, ಕಾಲು ಕೇಳ್ತಾ ಇಲ್ಲ ಕಣೋ. ನಂಜುಂಡ ನನ್ನ ಮುಖ ನೋಡ್ದ. ನೋಡ್ಬಿಟ್ಟು, ಸರಿ ನಾನೇ ಹೋಗ್ತೀನಿ ಬಿಡು ಅಂದ."

ಪಾದ ಕಳೆದುಕೊಂಡ ನಂಜುಂಡನನ್ನು ಹೊತ್ತು ತಂದವರು ಬೇರೆ ಯಾರೋ. ಮಂಡಿಗೆ ಏನೂ ಆಗಿರಲಿಲ್ಲ. ಆಮೇಲೆ ಕೈ ನಡುಗುವುದು ನಿಲ್ಲಲಿಲ್ಲವಾದ್ದರಿಂದ ಡಾಕ್ಟರು ಬರೆದುಕೊಟ್ಟು ಮನೆಗೆ ಕಳಿಸಿದರು. ನಂಜುಂಡನ ಸುದ್ದಿಯನ್ನು ಕಾಗದದಲ್ಲಿ ಓದಿದ್ದ ಅಣ್ಣ, ರೈಲ್ವೆ ಸ್ಟೇಶನ್ನಿನಲ್ಲಿ ಇವನನ್ನು ಇಳಿಸಿಕೊಂಡು ಮನೆ ತಲುಪುವಷ್ಟರಲ್ಲಿ ಮಂಡಿಯ ಕತೆ ಕಟ್ಟಿಕೊಂಡಿದ್ದ, ಕೇಳಲೂ ಇಲ್ಲ, ಇವನು ಹೇಳಲೂ ಇಲ್ಲ. ಇಷ್ಟನ್ನೂ ಚಿಕ್ಕಪ್ಪ ಎರಡು ಜೊತೆ ಬೂಟು ಮುಗಿಯುವುದರೊಳಗೆ ಹೇಳಿದ. ಯಾರಿಗೂ ಹೇಳಬೇಡ ಎನ್ನಲಿಲ್ಲ. ಹಾಗೆ ಹೇಳಬೇಕಾದ ಅಗತ್ಯ ಇದೆ ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ನಾನು ಏನು ಮಾಡುತ್ತಿದ್ದೆ ಎಂದು ಕೇಳಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮಾತು ಶುರುವಾಗುವ ಮುಂಚಿನ ಆ ಉಗುಳು ನುಂಗುವ ಸದ್ದು, "ಅದು ಹೆಂಗಂದ್ರೆ" ಎಂದು ಒಂದು ಕ್ಷಣ ನಿಲ್ಲುವುದು, ಕೊನೆಯ ಅಕ್ಷರ ಕೆಳಗೆ ಜಾರಿ ಕಾಣೆಯಾಗುವುದು, ಎಲ್ಲವನ್ನೂ ಒಂದೊಂದಾಗಿ ಹೆಕ್ಕಿಕೊಳ್ಳುತ್ತಿದ್ದೆ. ಒಬ್ಬ ಮನುಷ್ಯ ಬದುಕಿನಲ್ಲಿ ಮೊದಲ ಸಲ ಬಾಯಿಬಿಟ್ಟಿದ್ದ. ನನಗೆ ಆದದ್ದು ಒಂದೇ ಸಂತೋಷ, ಕೊನೆಗೂ ಸಿಕ್ಕಿದ ಎಂದು. ಚಾಪೆಯ ಮೇಲೆ ಮಲಗಿ, ತುಟಿ ಮಾತ್ರ ಆಡಿಸುತ್ತ, ಆ ವಾರವೆಲ್ಲ ಅಭ್ಯಾಸ ಮಾಡಿದೆ. ಪಕ್ಕದ ಮಂಚದ ಮೇಲೆ ಅವನೇ ಮಲಗಿದ್ದ.

ಮುಂದಿನ ಭಾನುವಾರದ ಕಂತು ಒಂದು ನೆಲಮಾಳಿಗೆಯದು. ಮೇಲೆ ಶೆಲ್ಲು ಬೀಳುತ್ತಿದೆ, ಚಾವಣಿಯಿಂದ ಮಣ್ಣು ಉದುರುತ್ತಿದೆ. ಮೂಲೆಯಲ್ಲಿ ಒಬ್ಬ ಎಳೇ ಸೈನಿಕ ಟೆಲಿಫೋನ್ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದಾನೆ, ಕಿವಿಗೆ ರಿಸೀವರ್. ಗಡ್ಡದ ಸಾರ್ಜೆಂಟ್ ಬಂದು ಅವನ ಕಾಲರ್ ಹಿಡಿದು, ಮುಖಕ್ಕೆ ಮುಖ ತಂದು, ಬೆರಳು ತೋರಿಸಿ ಏನೋ ಹೇಳುತ್ತಾನೆ. ಹುಡುಗ ಅಲುಗಾಡುವುದಿಲ್ಲ. ಇನ್ನೊಬ್ಬ ಎದ್ದು ಮೆಟ್ಟಿಲು ಹತ್ತಿ ಹೊರಗೆ ಓಡುತ್ತಾನೆ. ಎಂಥ ಅದೃಷ್ಟ ಎಂದುಕೊಂಡೆ. ನನ್ನ ಬಳಿ ಸಿದ್ಧವಾಗಿದ್ದ ಮಾತಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು ದೃಶ್ಯ. ಸಾರ್ಜೆಂಟಿನ ಬಾಯಿಗೆ ಅಪ್ಪನ ಧ್ವನಿ ಕೊಟ್ಟು, ತಂತಿ ಕಟ್ ಆಗಿದೆ, ಸರದಿ ನಿಂದು, ಏಳೋ ಎಂದು ಗದರಿಸಿದೆ. ಆಮೇಲೆ ಹುಡುಗನ ಮುಖ ತೆರೆಯ ತುಂಬ ಬಂತು. ನಾನು ಉಗುಳು ನುಂಗಿದೆ.

"ಅದು ಹೆಂಗಂದ್ರೆ... ತಲೆ ಏಳು ಅಂತಿದೆ ಸಾರ್, ಕಾಲು ಕೇಳ್ತಾ ಇಲ್ಲ. ನಂಜುಂಡ, ನನ್ನ ಸರದಿ ನೀನೇ ಹೋಗ್ಬಿಡೋ."

ಮೊದಲ ಅರ್ಧಕ್ಕೆ ನಗು ಬಿತ್ತು. ನನ್ನ ಜೀವಮಾನದಲ್ಲಿ ಅಂಥ ನಗು ಮತ್ತೆ ಕೇಳಿಲ್ಲ. ಶಮೀಮ್ ಆಂಟಿ ಬಾಗಿಲಿಗೆ ತಲೆ ಬಡಿದುಕೊಂಡು ನಕ್ಕರು, ಆರುಮುಗಂ ತೊಡೆ ತಟ್ಟಿದರು, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಂಜುಂಡ ಎಂಬ ಹೆಸರು ಬಂದ ಮೇಲೆ ಆ ನಗು ಒಬ್ಬೊಬ್ಬರ ಬಾಯಲ್ಲೂ ಬೇರೆ ಬೇರೆ ಹೊತ್ತಿಗೆ ನಿಂತಿತು. ಮೊದಲು ನಿಂತದ್ದು ಅಪ್ಪನದು. ಅವನು ದಿವಾನದಿಂದ ಎದ್ದು ಟೀವಿ ಆರಿಸಿದ.

"ಇದೆಲ್ಲಿಂದ ಬಂತು ನಿಂಗೆ?"

ಅಮ್ಮ ಮಧ್ಯೆ ಬಂದು, ಮಕ್ಕಳು ಏನೋ ಒದರುತ್ತವೆ, ಅದನ್ನೆಲ್ಲ ಏನು ಕೇಳುತ್ತೀರಿ ಎಂದಳು. ಅಮ್ಮನಿಗೆ ಎಲ್ಲವೂ ಗೊತ್ತಾಗಿಬಿಟ್ಟಿತ್ತು, ಅವಳು ನನಗೆ ದಾರಿ ಬಿಡಿಸಿಕೊಡುತ್ತಿದ್ದಳು. ನಡುಬಾಗಿಲಿನಿಂದ ಚಿಕ್ಕಪ್ಪ ನನ್ನನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಕಾಯುತ್ತಿದ್ದ, ಅಷ್ಟೇ. ನಾನು ಸುಮ್ಮನೆ ಕಟ್ಟಿದೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ದಿನಕ್ಕೆ ಇಪ್ಪತ್ತು ಸುಳ್ಳು ಹೇಳುತ್ತಿದ್ದವನು ನಾನು. ಹೋಮ್‌ವರ್ಕ್ ಪುಸ್ತಕವನ್ನು ಬೀದಿನಾಯಿ ಮೂರು ಸಲ ತಿಂದಿತ್ತು. ಇದಕ್ಕೆ ಸಿಗುತ್ತಿದ್ದ ಶಿಕ್ಷೆ ಹೆಚ್ಚೆಂದರೆ ಒಂದು ಏಟು. ಆ ಏಟಿಗೆ ಹೆದರಿದೆನೋ, ಇಷ್ಟು ಕಷ್ಟಪಟ್ಟು ಹಿಡಿದ ಧ್ವನಿಯನ್ನು ಸುಮ್ಮನೆ ಕಟ್ಟಿದ್ದು ಎನ್ನಲು ಮನಸ್ಸಾಗಲಿಲ್ಲವೋ ಗೊತ್ತಿಲ್ಲ. ಎರಡೂ ಇತ್ತು ಎಂದು ಕಾಣುತ್ತದೆ.

"ಚಿಕ್ಕಪ್ಪನೇ ಹೇಳಿದ್ದು. ನಾನೇನೂ ಸೇರ್ಸಿಲ್ಲ."

ಎಲ್ಲರೂ ನಡುಬಾಗಿಲ ಕಡೆ ತಿರುಗಿದರು. ಇದು ಬಚಾವಾಗುವ ಕೊನೆಯ ಅವಕಾಶ, ಅದೂ ಅವನ ಕೈಯಲ್ಲೇ ಇತ್ತು. ಹುಡುಗ ಬುರುಡೆ ಬಿಡುತ್ತಿದ್ದಾನೆ ಎಂದಿದ್ದರೆ ಇಡೀ ಬೀದಿ ಅವನನ್ನೇ ನಂಬುತ್ತಿತ್ತು, ನನ್ನ ಹಿಂದಿನ ದಾಖಲೆ ಹಾಗಿತ್ತು. ಚಿಕ್ಕಪ್ಪ ಉಗುಳು ನುಂಗಿದ. ನಾನು ಮಾಡಿದ ಹಾಗೇ ಇತ್ತು ಅದು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಹೌದು ಅಣ್ಣ. ಅವನೇನೂ ಸೇರ್ಸಿಲ್ಲ."

ಶಮೀಮ್ ಆಂಟಿ ಪಾಯಸದ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದರು. ಆರುಮುಗಂಗೆ ಇದ್ದಕ್ಕಿದ್ದಂತೆ ಅಂಗಡಿಯಲ್ಲಿ ಕೆಲಸ ನೆನಪಾಯಿತು. ಭಾನುವಾರ ಅವರ ಅಂಗಡಿಗೆ ಬೀಗ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಲಸೂರು ಕೆರೆಯ ಕಡೆ ಹೋದವನು ಸಂಜೆಯಾದರೂ ಬರಲಿಲ್ಲ. ನನಗೆ ಏಟು ಬೀಳಲಿಲ್ಲ. ಚಿಕ್ಕಪ್ಪ ಹಿತ್ತಲಿಗೆ ಹೋಗಿ ಎಂದಿನಂತೆ ಪೇಪರ್ ಹಾಸಿ ಕೂತು ಪಾಲಿಶ್ ಮಾಡಿದ. ನನ್ನ ಬೂಟನ್ನೂ ಮಾಡಿದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ, ಹತ್ತಿರ ಹೋಗಲಿಲ್ಲ.

ಆ ವರ್ಷ ಆಗಸ್ಟ್ ಹದಿನಾಲ್ಕಕ್ಕೂ ಆರುಮುಗಂ ಬಂದರು. ಒಳ್ಳೆಯ ಮನುಷ್ಯ, ಪ್ರತಿ ಸಲದಂತೆ ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲ ನೋಡುತ್ತ ಕರೆದರು. ಚಿಕ್ಕಪ್ಪ ಮಂಡಿಯ ಮೇಲೆ ಕೈ ಇಟ್ಟುಕೊಂಡ. ಅಷ್ಟು ವರ್ಷದಲ್ಲಿ ಅಣ್ಣನ ಸುಳ್ಳನ್ನು ಅವನು ತಾನಾಗಿ ಬಳಸಿದ್ದು ಅದೊಂದೇ ಸಲ.

"ಈ ಸಲ ಮಂಡಿ ನೋವು ಜಾಸ್ತಿ ಇದೆ ಸಾರ್. ಬೇರೆಯವರನ್ನ ನೋಡ್ಕೊಳ್ಳಿ."

ಆರುಮುಗಂ ಹೌದು ಹೌದು, ಮಳೆಗಾಲದ ಥಂಡಿಗೆ ಹಾಗಾಗುತ್ತದೆ ಎಂದರು. ಬಾವುಟವನ್ನು ನಿವೃತ್ತ ಮೇಷ್ಟ್ರೊಬ್ಬರು ಹಾರಿಸಿದರು. ಅಪ್ಪ ಕೆಟ್ಟವನಾಗಲಿಲ್ಲ, ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಬಂದವರಿಗೆ ಅವನನ್ನು ಪರಿಚಯಿಸುವುದನ್ನು ಬಿಟ್ಟ, ಅಷ್ಟೇ. ದಸರೆಯ ಹೊತ್ತಿಗೆ ಚಿಕ್ಕಪ್ಪ ಕಗ್ಗದಾಸಪುರದಲ್ಲಿ ಮಿಕ್ಸಿ ರಿಪೇರಿ ಮಾಡುವವನೊಬ್ಬನ ಜೊತೆ ಕೆಲಸಕ್ಕೆ ಸೇರಿ, ಅಲ್ಲೇ ಕೋಣೆ ಮಾಡಿಕೊಂಡ. ಒಂದು ಟ್ರಂಕು, ಚೌಕವಾಗಿ ಮಡಿಸಿದ ಹಾಸಿಗೆ, ಆಟೋದಲ್ಲಿ ಎರಡೂ ಹಿಡಿಸಿದವು. ನಡುವಿನ ಕೋಣೆ ನನ್ನದಾಯಿತು. ಮಂಚವೂ ಸಿಕ್ಕಿತು. ಮೊದಲ ದಿನ ಖುಷಿಯಾಯಿತು ಎಂಬುದನ್ನೂ ಬರೆದುಬಿಡುತ್ತೇನೆ, ಬಿಟ್ಟರೆ ಈ ಅಧ್ಯಾಯಕ್ಕೆ ಅರ್ಥವಿಲ್ಲ.

ಆಮೇಲಿನ ವರ್ಷಗಳಲ್ಲಿ ಮದುವೆ, ತಿಥಿಗಳಲ್ಲಿ ಸಿಗುತ್ತಿದ್ದ. ಅವನಿಗೂ ಮದುವೆಯಾಯಿತು, ಅಂಗಡಿ ಅವನದೇ ಆಯಿತು. ನಾನು ಟ್ರಾಫಿಕ್ ಬಗ್ಗೆ ಮಾತಾಡುತ್ತಿದ್ದೆ, ಅವನು ಹೌದು ಎನ್ನುತ್ತಿದ್ದ. ನೆಂಟರು ಯಾರಾದರೂ, ಟೇಪು, ಎಲ್ಲರದೂ ಮಾಡಿ ತೋರಿಸೋ ಎಂದರೆ ಅವನು ಎದ್ದು ಹೋಗುತ್ತಿರಲಿಲ್ಲ. ಕೂತು ಕೇಳಿ ನಗುತ್ತಿದ್ದ. ನನಗೆ ಅದಕ್ಕಿಂತ ಎದ್ದು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಹೋದ ವರ್ಷ ಫೋನಿನಲ್ಲಿ ಏನೋ ಹುಡುಕುವಾಗ ಆ ಧಾರಾವಾಹಿ ಕಣ್ಣಿಗೆ ಬಿತ್ತು. ಮೂಲ ಇಂಗ್ಲಿಷಿನಲ್ಲೇ, ಯಾರೋ ಪುಣ್ಯಾತ್ಮರು ಪೂರ್ತಿ ಹಾಕಿದ್ದರು. ನೆಲಮಾಳಿಗೆಯ ಕಂತನ್ನು ಹುಡುಕಿ ತೆಗೆದೆ. ಗಡ್ಡದ ಸಾರ್ಜೆಂಟ್ ಬಂದ, ಕಾಲರ್ ಹಿಡಿದ, ಬೆರಳು ತೋರಿಸಿದ. ಅವನು ಏಳು ಎನ್ನುತ್ತಲೇ ಇರಲಿಲ್ಲ. ಮೇಲೆ ಏನೇ ಆಗಲಿ ನೀನು ಇಲ್ಲಿಂದ ಕದಲಬೇಡ, ಆಚೆ ಕಡೆಯಿಂದ ಕರೆ ಬರುವವರೆಗೆ ಈ ಫೋನ್ ಬಿಟ್ಟು ಏಳಬೇಡ ಎನ್ನುತ್ತಿದ್ದ. ಹೊರಗೆ ಓಡಿದವನು ಗಾಯಗೊಂಡು ಕೂಗುತ್ತಾನೆ, ಹುಡುಗ ಅಳುತ್ತ ಅಲ್ಲೇ ಕೂತಿರುತ್ತಾನೆ, ಕೊನೆಗೆ ಕರೆ ಬರುತ್ತದೆ, ಒಂದು ಊರು ಉಳಿಯುತ್ತದೆ. ಅಪ್ಪ ಟೀವಿ ಆರಿಸಿದ್ದರಿಂದ ಅಷ್ಟು ದೂರ ನಾವು ಯಾರೂ ನೋಡಿರಲಿಲ್ಲ. ನಾನು ಪುಕ್ಕಲನನ್ನಾಗಿ ಮಾಡಿದ್ದು ಆ ನೆಲಮಾಳಿಗೆಯಲ್ಲೇ ಎಲ್ಲರಿಗಿಂತ ಗಟ್ಟಿಗನನ್ನು. ನನಗೆ ಏನೋ ದೊಡ್ಡದು ಸಿಕ್ಕಿದಂತಾಯಿತು. ಮಾರನೇ ದಿನವೇ ಗಾಡಿ ತೆಗೆದುಕೊಂಡು ಕಗ್ಗದಾಸಪುರಕ್ಕೆ ಹೋದೆ.

ಚಿಕ್ಕಪ್ಪ ಅಂಗಡಿಯಲ್ಲಿ ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಏನಪ್ಪ ಇಷ್ಟು ದೂರ ಎಂದ. ನಾನು ಫೋನನ್ನು ಮಿಕ್ಸಿಗೆ ಒರಗಿಸಿ ಕಂತು ಹಾಕಿದೆ. ಅವನು ಗುರುತು ಹಿಡಿದ. ಕನ್ನಡಕ ಹಣೆಯಿಂದ ಕೆಳಗೆ ಇಳಿಸಿಕೊಂಡು ನೋಡಿದ. ನಾನು ಪಕ್ಕದಲ್ಲಿ ನಿಂತು ಅದರ ಮಾತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ, ಯಾರ ಹಾಗೂ ಮಾಡದೆ. ಮುಗಿದ ಮೇಲೆ, ನೋಡಿದೆಯಾ, ಅವನು ಹೆದರಿ ಕೂತಿರಲಿಲ್ಲ, ನಾನು ತಪ್ಪು ತಿಳಿದಿದ್ದೆ ಎಂದೆ. ಇಷ್ಟು ವರ್ಷದ ಮೇಲೆ ಅವನಿಗೊಂದು ಉಡುಗೊರೆ ತಂದವನ ಹಾಗೆ ನಿಂತಿದ್ದೆ. ಚಿಕ್ಕಪ್ಪ ಫೋನನ್ನು ಒರೆಸಿ ನನ್ನ ಕೈಗೆ ಕೊಟ್ಟ.

"ಅವನಿಗೆ ಆರ್ಡರ್ ಇತ್ತು ಕಣೋ. ನಂಗೆ ಇರ್ಲಿಲ್ಲ."

ಸ್ಕ್ರೂ ಡ್ರೈವರ್ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದ. ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತ ಕೂಗಿಕೊಳ್ಳುತ್ತಿತ್ತು. ಅದು ನಿಲ್ಲುವವರೆಗೆ ಕಾದೆ. ನಾನು ಬಂದದ್ದು ಅವನ ಭಾರ ಇಳಿಸಲು ಎಂದುಕೊಂಡಿದ್ದೆ. ನನ್ನದನ್ನು ಇಳಿಸಿಕೊಳ್ಳಲು ಬಂದಿದ್ದೇನೆ ಎಂಬುದು ಅವನಿಗೆ ನನಗಿಂತ ಮೊದಲೇ ತಿಳಿದಿತ್ತು.

"ಅವತ್ತು ಅಪ್ಪ ಕೇಳ್ದಾಗ, ನಾನೇ ಕಟ್ಟಿ ಹೇಳ್ದೆ ಅನ್ಬೇಕಿತ್ತು ಚಿಕ್ಕಪ್ಪ."

ಅವನು ಒಂದು ಸ್ಕ್ರೂ ಪೂರ್ತಿ ಬಿಗಿದ ಮೇಲೆ ತಲೆ ಎತ್ತಿದ.

"ಅನ್ಬಹುದಿತ್ತು," ಎಂದ. ಸ್ಕ್ರೂ ಡ್ರೈವರ್ ಕೆಳಗಿಟ್ಟು, "ಆಗಲ್ಲ ಒಂದೊಂದ್ಸಲ. ನಂಗೊತ್ತಿಲ್ವಾ," ಎಂದ.

ಅಷ್ಟು ಹೇಳಿ, ಪಕ್ಕದ ಕುರ್ಚಿಯ ಮೇಲೆ ಹರಡಿದ್ದ ಬ್ಲೇಡು, ವಾಷರುಗಳನ್ನು ಒಂದು ಜಾರಿನೊಳಗೆ ಬಾಚಿ ಹಾಕಿ ಜಾಗ ಮಾಡಿದ. ಬಂದಾಗಿನಿಂದ ನಾನು ನಿಂತೇ ಇದ್ದೇನೆ ಎಂಬುದು ಆಗ ಗೊತ್ತಾಯಿತು. ಕೂತೆ.